ವಿಯೆನ್ನಾದ ದೋಸೆ ಸಾರು

ಆ ಸಾರು ದನದ ಮೂಳೆ ಬೇಯಿಸಿ ಮಾಡಿದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆಯಲಿಲ್ಲ.

ಪತ್ರಿಕೆಯ ಕೆಲಸದ ಮೇಲೆ ಆಸ್ಟ್ರಿಯಾಕ್ಕೆ ಹೋಗಿದ್ದೆ. ವಿಯೆನ್ನಾದ ಕಾಫಿ ಮನೆಗಳಲ್ಲಿ ಒಂದು ಕಾಫಿ ತೆಗೆದುಕೊಂಡು ಎಷ್ಟು ಹೊತ್ತಾದರೂ ಕೂರಬಹುದು, ಏಳಿ ಎನ್ನುವವರಿಲ್ಲ. ಮರದ ಹಿಡಿಗೆ ಸಿಕ್ಕಿಸಿದ ಪತ್ರಿಕೆ, ಕಾಫಿಯ ಪಕ್ಕ ಒಂದು ಲೋಟ ನೀರು. ಅದನ್ನೆಲ್ಲ ಬರೆದೆ. ಸೇಬಿನ ಸಿಹಿತಿಂಡಿಗೆ ಹಿಟ್ಟನ್ನು ಮೇಜಿನಗಲ ಎಳೆದೆಳೆದು ಕೊಳ್ಳೇಗಾಲದ ರೇಷ್ಮೆಯಷ್ಟು ತೆಳ್ಳಗೆ ಮಾಡುವುದನ್ನೂ ಬರೆದೆ. ಮತ್ತೆ ಫ್ರಿಟಾಟನ್ ಸೂಪ್ — ದೋಸೆಯನ್ನು ಸುತ್ತಿ, ಶಾವಿಗೆಯಂತೆ ಹೆಚ್ಚಿ, ಬಿಸಿ ತಿಳಿಸಾರಿಗೆ ಹಾಕಿಕೊಡುತ್ತಾರೆ. ಅರ್ಧ ಬಟ್ಟಲು ಮುಗಿದ ಮೇಲೆ, ಊಟಕ್ಕೆ ಕರೆದಿದ್ದ ಮನೆಯಾಕೆ ಹೇಳಿದಳು: ದೋಸೆಯಲ್ಲಿ ಮೊಟ್ಟೆ, ಸಾರಿನಲ್ಲಿ ದನದ ಮೂಳೆ. ಉಳಿದರ್ಧವನ್ನೂ ತಿಂದೆ. ರುಚಿಯಾಗಿತ್ತು.

ಲೇಖನದಲ್ಲಿ ಆ ಒಂದು ವಾಕ್ಯ ಬಿಟ್ಟೆ. ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ನೆಂಟರು ಏನಂದಾರು ಎಂಬ ಅಳುಕು. ಕಂಡದ್ದನ್ನು ಬಿಡಬೇಡಿ ಎಂದು ಹೊಸ ವರದಿಗಾರರಿಗೆ ಪಾಠ ಹೇಳುವವನು ನಾನೇ.

ಮರುವರ್ಷ ವಿಯೆನ್ನಾದಲ್ಲಿ ನರ್ಸ್ ಆಗಿದ್ದ ಅಕ್ಕನ ಮಗಳಿಗೆ ಹೆರಿಗೆ. ಹನೂರಿನ ಅಕ್ಕ ಬಾಣಂತನಕ್ಕೆ ಹೊರಟಳು. ಬಸ್ ನಿಲ್ದಾಣದಲ್ಲಿ ರಾಗಿಹಿಟ್ಟಿನ ಚೀಲ ಅವುಚಿಕೊಂಡು ಕೇಳಿದಳು:

"ಇದು ಮುಗುದ್ರೆ ಅಲ್ಲಿ ನಾನೇನ್ ತಿನ್ನದ್ಲಾ?" ಮರುಕ್ಷಣ ತಾನೇ ನಕ್ಕಳು. "ಬುಡು, ನೀನೇ ಬರ್ದಿದ್ಯಲ್ಲ, ದೋಸೆ ಸಾರು. ಅದ್ನೇ ಕೇಳ್ತೀನಿ."

ಆಗಲೇ ಹೇಳಬಹುದಿತ್ತು — ಸುತ್ತ ನೆಂಟರಿದ್ದರು — ಬಸ್ಸು ಬಂತು —

ಹೆರಿಗೆ ಕಷ್ಟವಾಯಿತು. ಮಗಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಕ್ಕ ಅಲ್ಲಿಯ ಕ್ಯಾಂಟೀನಿಗೆ ಒಬ್ಬಳೇ ಹೋಗಿ, ನನ್ನ ಲೇಖನದಿಂದ ಕಲಿತ ಆ ಒಂದೇ ಹೆಸರು ಹೇಳಿ, ಅದನ್ನೇ ಉಂಡಳು. ಮನೆಗೆ ಬಂದ ಮೇಲೆ ಮಗಳು, ಏನು ತಿಂದೆ ಅವ್ವ, ಎಂದು ಕೇಳಿದಾಗ ಅಕ್ಕನಿಗೆ ನಿಜ ತಿಳಿಯಿತು.

ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಹನೂರಿನ ತನ್ನ ಜಗಲಿಯಲ್ಲಿ ಅನ್ನ, ಮಜ್ಜಿಗೆ ಬಡಿಸುವುದು ಅಕ್ಕನ ಬದುಕಿನ ದೊಡ್ಡ ಸಂತೋಷ. ಅವಳು ಮರಳಿದ ಮೇಲೆ ನಾನು ಹೋದಾಗ ಬಡಿಸುತ್ತಿದ್ದವಳು ಪಕ್ಕದ ಮನೆಯಾಕೆ. ಅಕ್ಕ ಮೆಟ್ಟಿಲ ಮೇಲೆ ಕೈ ಮಡಿಚಿ ಕೂತಿದ್ದಳು.

"ಏನವ್ವೋ, ಫಾರಿನ್‌ಗೋಗ್ಬಂದು ಸೌಟು ಭಾರ ಆಗೋಯ್ತಾ?" ಎಂದು ಒಬ್ಬ ಮುದುಕ ಛೇಡಿಸಿದ.

"ಊಂ ಕಣಪ್ಪ, ದೊಡ್ಮನ್ಸಿ ಆಗ್ಬುಟ್ಟೆ," ಎಂದು ನಕ್ಕಳು. ಅವನು ಎಲೆಯ ಮುಂದೆ ಕೂತ ಮೇಲೆ ಅವಳ ದನಿ ಇಳಿಯಿತು. "ಅದ್ನ ತಿಂದ ಕೈಲಿ ಮಾದಪ್ಪನ ಒಕ್ಕಲ್ಗೆ ಎಂಗ್ಲಾ ಇಕ್ಲಿ?"

ಅವಳೇ ನನ್ನ ಬೆನ್ನು ಸವರಿದಳು.

"ನಿಂಗೂ ಗೊತ್ತಿರ್ನಿಲ್ಲ, ಪಾಪ. ಯಾರ್ಗೂ ಏಳ್ಬ್ಯಾಡ ಕಣ್ಲಾ, ನಿನ್ ಪೇಪರ್ಗೆ ಕೆಟ್ಟೆಸ್ರು."

"ಗೊತ್ತಿರಲಿಲ್ಲ ಅಕ್ಕ," ಎಂದೆ.

ಆ ಊಟ ಕೆಟ್ಟದ್ದೆಂದು ನಾನು ಇಂದಿಗೂ ನಂಬುವುದಿಲ್ಲ. ನಮ್ಮ ಸೀಮೆಯಲ್ಲೇ ಅದನ್ನು ಉಣ್ಣುವವರಿದ್ದಾರೆ. ಆದರೆ ಬೇಕು, ಬೇಡ ಎನ್ನಬೇಕಾದವಳು ಅಕ್ಕ. ಆ ಆಯ್ಕೆಯನ್ನು ನಾನು ಅವಳಿಂದ ಕಿತ್ತುಕೊಂಡೆ. ಅದರ ಮೇಲೆ, ನನ್ನನ್ನು ಕಾಪಾಡುವ ಕೆಲಸವನ್ನೂ ಅವಳಿಗೇ ಬಿಟ್ಟೆ.

ನನ್ನ ಬರಹವನ್ನು ಅಕ್ಕ ಈಗಲೂ ಬಿಡದೆ ಓದುತ್ತಾಳೆ. ಇದನ್ನು ಅವಳು ಮೊದಲು ಅಚ್ಚಿನಲ್ಲಿ ಕಂಡು ತಿಳಿಯಬಾರದು. ನಾಳೆ ಹನೂರಿಗೆ ಹೋಗುತ್ತೇನೆ. ಅವಳು ಮತ್ತೆ ಸೌಟು ಹಿಡಿಯದಿರಬಹುದು, ನನ್ನ ಮುಖವನ್ನೂ ನೋಡದಿರಬಹುದು. ಆ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಹೇಳಬೇಕಾದ ಮಾತು ಇಷ್ಟೇ —

ಗೊತ್ತಿತ್ತು, ಅಕ್ಕ.