ಕಾಲಿಲ್ಲದ ಕುರ್ಚಿ

ಮಾರ್ಚ್ ಹನ್ನೊಂದು, ಗುರುವಾರ. ಬೆಳಗಿನಿಂದ ಮೋಡ ಕವಿದಿತ್ತು. ಮಧ್ಯಾಹ್ನ ನಾಲ್ಕು ಹನಿ ಉದುರಿಸಿ, ಮಹತ್ಕಾರ್ಯ ಮುಗಿಸಿದಂತೆ ಚದುರಿಹೋಯಿತು.

ನಮ್ಮ ಬೀದಿಯ ಫೋಟೊಗ್ರಾಫರನ ಸ್ವಭಾವವೂ ಹೆಚ್ಚುಕಡಿಮೆ ಅಂಥದ್ದೇ. ಬೀದಿಯವರು ಅವನನ್ನು ಬೆನ್ನ ಹಿಂದೆ ‘ಒರಿಜಿನಲ್’ ಎನ್ನುತ್ತಿದ್ದರು. ಗುರುತಿನ ಚೀಟಿಗೆ ಬೇಕಾದ ಬೆರಳಗಲದ ಫೋಟೊವನ್ನೂ ಆತ ಒರಿಜಿನಲ್ ಅಳತೆಯಲ್ಲೇ, ಗೋಡೆ ತುಂಬುವಷ್ಟು ದೊಡ್ಡದಾಗಿ ಕೊಡುತ್ತಿದ್ದ. ಕೇಳಿದರೆ, “ಕಲೆ ಏನು ಉಪ್ಪಾ, ಚಿಟಿಕೆ ಲೆಕ್ಕದಲ್ಲಿ ಕೊಡೋಕೆ?” ಎಂಬ ಉತ್ತರ ಸಿದ್ಧ. ಮದುವೆಯ ಗೋಜಿಗೆ ಹೋಗಿರಲಿಲ್ಲ. ಎರಡು ಹೊತ್ತಿನ ಊಟ ತಂಗಿಯ ಮನೆಯಲ್ಲಿ.

ತಂಗಿಯ ಗಂಡ ಬಡಗಿ. ಕುರ್ಚಿ ಮೇಜು ಮಾಡುವುದು ಅವನ ಪಾಲು, ಮಾರುವುದು ಅವಳ ಪಾಲು. ಅಂಗಡಿಯ ವೆಬ್‌ಸೈಟಿನ ಚಿತ್ರಗಳನ್ನು ತೆಗೆದವನೂ ಏರಿಸಿದವನೂ ಅಣ್ಣನೇ. ಒಂದೊಂದೂ ಬಂಡೆಗಲ್ಲಿನ ಭಾರ. ಪುಟ ತೆರೆಯಲು ಹೋದವರು ಕಾದು ಕಾದು ಬೇಸತ್ತು ಬೇರೆ ಅಂಗಡಿಯ ದಾರಿ ಹಿಡಿಯುತ್ತಿದ್ದರು. ಹೊಸ ಗ್ರಂಥಾಲಯದ ಕುರ್ಚಿಗಳ ಕೆಲಸವೂ ಕೈತಪ್ಪಿದರೆ ಬಡಗಿ ತನ್ನ ಕೆಲಸದ ಮನೆಗೆ ಬೀಗ ಹಾಕಿ, ಬೇರೊಬ್ಬರ ಕಾರ್ಖಾನೆಗೆ ಸಂಬಳಕ್ಕೆ ಹೋಗಬೇಕಿತ್ತು. ಗ್ರಂಥಪಾಲಕಿ ಸೈಟು ನೋಡಿ ಈ ಗುರುವಾರ ತೀರ್ಮಾನಿಸುವುದಾಗಿ ತಿಳಿಸಿದ್ದರು.

ಹಿಂದಿನ ದಿನವೇ ತಂಗಿ ಹೇಳಿದ್ದಳು: “ಅಣ್ಣಾ, ಚಿತ್ರಗಳನ್ನ ಸ್ವಲ್ಪ ಹಗುರ ಮಾಡೋ. ಫೋನಲ್ಲಿ ನೋಡೋರಿಗೆ ಅಷ್ಟು ದೊಡ್ಡದು ಯಾಕೆ?”

“ಮಾಡಿದೀನಲ್ಲೇ! ಅಂಗೈಯಷ್ಟಿದ್ದದ್ದು ಬೆರಳಷ್ಟಾಗಿದೆ, ನೋಡು.”

ಆ ಮಹಾನುಭಾವ ಮಾಡಿದ್ದಿಷ್ಟೇ: ಪುಟದ ಮೇಲೆ ಚಿತ್ರದ ಮೂಲೆ ಹಿಡಿದು ಎಳೆದು, ಕಿರಿದಾಗಿ ಕಾಣುವಂತೆ ಮಾಡಿದ್ದ. ಒಳಗಿನ ಫೈಲು ಕೂದಲೆಳೆಯಷ್ಟೂ ಕರಗಿರಲಿಲ್ಲ. ಕಲ್ಲಿನ ಮೂಟೆಗೆ ಪುಟ್ಟ ಚೀಟಿ ಅಂಟಿಸಿ, ಮೂಟೆಯೇ ಹಗುರಾಯಿತೆನ್ನುವ ಜಾಣತನ. ಪರೀಕ್ಷೆ ಮಾಡಿದ್ದೂ ತನ್ನದೇ ಕಂಪ್ಯೂಟರಿನಲ್ಲಿ. ದಿನವೂ ನೋಡಿದ ಚಿತ್ರಗಳು ಅದರೊಳಗೇ ಉಳಿದುಕೊಂಡಿದ್ದರಿಂದ ಪುಟ ಥಟ್ಟನೆ ತೆರೆಯಿತು. “ನೋಡ್ದ್ಯಾ? ತಾಳ್ಮೆ ಇಲ್ಲದೋರು ಮಾತ್ರ ದೂರೋದು!”

ಗುರುವಾರ ಮಧ್ಯಾಹ್ನ ತಂಗಿಗೆ ಗ್ರಂಥಪಾಲಕಿಯ ಕರೆ ಬಂತು. “ನೋಡಮ್ಮಾ, ಬಸ್ಸಲ್ಲಿ ಕೂತು ಫೋನಲ್ಲಿ ನಿಮ್ಮ ಸೈಟು ತೆರೆದೆ. ಕುರ್ಚಿಯ ಬೆನ್ನು ಬಂತು, ಕಾಲು ಬರಲೇ ಇಲ್ಲ. ನಮ್ಮ ನಿಲ್ದಾಣ ಬಂತು, ಇಳಿದೆ. ಇನ್ನೊಂದು ಅಂಗಡಿದು ಸಲೀಸಾಗಿ ತೆರೀತು. ಅರ್ಧದಷ್ಟು ಕುರ್ಚಿ ಅವರಿಗೆ ಹೇಳಿಬಿಟ್ಟೆ.”

“ಇನ್ನರ್ಧಕ್ಕೆ ಸಂಜೆವರೆಗೆ ತಡ್ಕೊಳ್ಳಿ ಮೇಡಂ. ಕಾಲು ನಾನು ತರಿಸ್ತೀನಿ.”

ಅವಳು ನೇರ ಅಣ್ಣನ ಕೋಣೆಗೆ ಹೋದಳು. “ಏಳು.”

“ನನ್ನ ಕಲೆಗೇ ಕತ್ತರಿ ಹಾಕ್ತೀಯಾ?”

“ಮರ ಕತ್ತರಿಸದೆ ಕುರ್ಚಿ ಆಗುತ್ತೇನೋ? ಏಳಣ್ಣಾ.”

ಬಾಗಿಲಲ್ಲಿ ನಿಂತಿದ್ದ ಬಡಗಿ ಮೆಲ್ಲಗೆ, “ಏಳಿ ಭಾವ, ನೀವು ಕೂತಿರೋ ಆ ಕುರ್ಚಿನೂ ನಾನೇ ಮಾಡಿದ್ದು” ಎಂದ.

ಒರಿಜಿನಲ್ ಎದ್ದ. ತಂಗಿ ಕಂಪ್ಯೂಟರಿನ ಮುಂದೆ ಕೂತು, ಮೂಲ ಚಿತ್ರಗಳನ್ನು ಹಾಗೇ ಬಿಟ್ಟು, ಪ್ರತಿಯೊಂದಕ್ಕೂ ಫೋನಿನ ಅಗಲಕ್ಕೆ ತಕ್ಕ ಹಗುರ ಪ್ರತಿ ಮಾಡಿ ಏರಿಸಿದಳು. ಆ ಪುಟವನ್ನು ಹಿಂದೆಂದೂ ಕಾಣದ, ಗಂಡನ ಹಳೆಯ ಫೋನಿನಲ್ಲಿ ತೆರೆದು ನೋಡಿದಳು. ನಾಲ್ಕು ಕಾಲೂ ಒಟ್ಟಿಗೆ ಬಂದವು. ಸಂಜೆ ಗ್ರಂಥಪಾಲಕಿ ಮತ್ತೆ ಸೈಟು ನೋಡಿದರು; ಉಳಿದರ್ಧ ಕುರ್ಚಿಗಳ ಕೆಲಸ ಇವರಿಗೇ ಸಿಕ್ಕಿತು. ಕೆಲಸದ ಮನೆ ಸದ್ಯಕ್ಕೆ ಉಳಿಯಿತು.

ಹೋದ ಅರ್ಧದ ಸುದ್ದಿಯನ್ನು ಒರಿಜಿನಲ್ ಎತ್ತಲಿಲ್ಲ. ಬೀದಿಯ ತುದಿಯವರೆಗೂ ಹೋಗಿ ಸಾರಿದ್ದು ಇಷ್ಟೇ: “ನನ್ನ ಫೋಟೊ ನೋಡೇ ಗ್ರಂಥಾಲಯದೋರು ಒಪ್ಪಿಬಿಟ್ರು.”

ತಂಗಿಯ ಲೆಕ್ಕದ ಪುಸ್ತಕದಲ್ಲಿ ಆ ದಿನದ ಖರ್ಚು: ಚಿತ್ರ ಹಗುರ ಮಾಡಿದ್ದಕ್ಕೆ ಏನೂ ಇಲ್ಲ. ಹಳೆಯ ಫೋನಿಗೆ ಡೇಟಾ, ಇಪ್ಪತ್ತೆರಡು ರೂಪಾಯಿ. ಚಹಾ ನಾಲ್ಕು ಲೋಟ, ನಲವತ್ತು; ಎರಡು ಲೋಟ ಅಣ್ಣನದು.