ಟೈಲರ್ ಕತ್ತರಿಸಿದ ಗಂಟು

ಟೈಲರ್‌ಗೆ ಅಂಕುಡೊಂಕು ಕಂಡರೆ ಆಗುತ್ತಿರಲಿಲ್ಲ. ಗಿರಾಕಿಯ ಅಂಗಿಯಲ್ಲಿ ಒಂದು ನೂಲು ಇಣುಕಿದರೂ ಬೀದಿಯ ತನಕ ಬೆನ್ನಟ್ಟಿ ಕತ್ತರಿಸಿ ಬರುವ ಆಸಾಮಿ. ‘ನಿನ್ನ ಕೈಗೆ ಕತ್ತರಿ ಕೊಟ್ಟೋರನ್ನ ಹಿಡ್ಕೊಂಡು ಬಡೀಬೇಕು’ ಎಂದು ಅಕ್ಕ ನಗುತ್ತಿದ್ದಳು. ಮದುವೆ ಗಿದುವೆ ಎಂದು ತಲೆಕೆಡಿಸಿಕೊಳ್ಳದೆ ಅಕ್ಕ ತಮ್ಮ ಇಬ್ಬರೇ ಒಂದು ಸೂರಿನಡಿ ಇದ್ದವರು. ಅವನು ಹೊಲಿದರೆ ಅವಳು ಗುಂಡಿ ಹಚ್ಚುತ್ತಿದ್ದಳು.

ಕಾಯಿಲೆ ಬೀಳುವ ಮುಂಚೆ ಅಕ್ಕ ಹಿತ್ತಿಲಲ್ಲಿ ಒಂದು ಪಿಯರ್ ಹಣ್ಣಿನ ಸಸಿ ನೆಟ್ಟಳು. ಅದು ಬೇರು ಹಿಡಿಯುವಷ್ಟರಲ್ಲಿ ಅವಳು ಹೋಗಿಬಿಟ್ಟಳು. ಮನೆ ಬಿಕೋ ಎನ್ನತೊಡಗಿತು. ಅಂದಿನಿಂದ ಟೈಲರ್ ಬೆಳಿಗ್ಗೆ ಎದ್ದವನೇ ಬಕೆಟ್ ಹಿಡಿದು ಗಿಡದ ಹತ್ತಿರ ಹೋಗಿ ‘ಅಕ್ಕಾ’ ಎಂದು ಶುರು ಮಾಡುತ್ತಿದ್ದ. ಗಿರಾಕಿಗಳ ಸೊಂಟ ಬೆಳೆದದ್ದು, ಮೆಷಿನ್ನಿನ ಬೆಲ್ಟ್ ಹರಿದದ್ದು, ತನ್ನ ಮಂಡಿನೋವು, ಎಲ್ಲದರ ವರದಿ. ಬೇರೆ ಯಾರ ಜೊತೆಯೂ ಅವನಿಗೆ ಅಳತೆ ಬಿಟ್ಟು ಮಾತಿರಲಿಲ್ಲ.

ಏಳನೇ ವರ್ಷ ಮರ ಕಾಯಿ ಬಿಟ್ಟಿತು. ಹಳದಿ ಬಣ್ಣ, ಮೈತುಂಬ ಬೂದು ನವಿರು, ಕಲ್ಲಿನಂತೆ ಗಟ್ಟಿ. ಕಚ್ಚಿದರೆ ಬಾಯೆಲ್ಲ ಒಗರು. ಅಕ್ಕನ ಮರಕ್ಕೆ ರೋಗ ಬಡಿಯಿತೆಂದು ಹೆದರಿ, ಎರಡು ಕಾಯಿ ಚೀಲಕ್ಕೆ ಹಾಕಿಕೊಂಡು ಸಸಿ ಮಾರಿದ್ದ ನರ್ಸರಿಯಾಕೆಯ ಬಳಿಗೆ ಓಡಿದ.

‘ಇದು ಪಿಯರ್ ಅಲ್ಲ ಯಜಮಾನ್ರೇ, ಕ್ವಿನ್ಸ್ ಅಂತ ಬೇರೆ ಹಣ್ಣು. ಹಸಿ ತಿನ್ನೋಕಾಗಲ್ಲ, ಬೇಯಿಸ್ಬೇಕು.’

‘ನಮ್ಮಕ್ಕ ಪಿಯರ್ ಅಂತಾನೇ ತಂದಿದ್ದು.’

‘ಹೌದು. ಕ್ವಿನ್ಸ್ ಬುಡಕ್ಕೆ ಪಿಯರ್ ಕಸಿ ಕಟ್ಟಿರ್ತೀವಿ. ಬುಡದಲ್ಲಿ ಒಂದು ಗಂಟು ಇರತ್ತಲ್ಲ, ಅದರಿಂದ ಮೇಲಿಂದು ಪಿಯರ್, ಕೆಳಗಿಂದು ಕ್ವಿನ್ಸ್. ಅದನ್ನ ಯಾರಾದ್ರೂ ಕಡಿದ್ರಾ?’

ಟೈಲರ್ ಕಾಯಿಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಅಕ್ಕ ಹೋದ ಹದಿನೈದು ದಿನಕ್ಕೆ, ಅವಳ ಗಿಡ ಮತ್ತೆ ನೀಟಾಗಿ ಚಿಗುರಲಿ ಎಂದು, ಕೆಟ್ಟ ಹೊಲಿಗೆಯ ಹಾಗೆ ಉಬ್ಬಿದ್ದ ಆ ಗಂಟನ್ನು ಮೇಲಿನ ಕಾಂಡದ ಸಮೇತ ಅದರ ಕೆಳಗಿನಿಂದಲೇ ಕಚಕ್ಕನೆ ಕತ್ತರಿಸಿದ್ದವನು ಅವನೇ. ಬುಡದಿಂದ ಹೊಸ ಚಿಗುರು ಬಂದಾಗ ಹಿಗ್ಗಿದ್ದವನೂ ಅವನೇ.

‘ಗೊತ್ತಿಲ್ಲಮ್ಮ’ ಎಂದು ಸುಳ್ಳು ಹೇಳಿ ಮನೆಗೆ ಬಂದ.

ಕಾಯಿ ಹೆಚ್ಚಿ, ಸಕ್ಕರೆ ಹಾಕಿ ಬೇಯಿಸಿದ. ಹೋಳು ಕೆಂಪಗಾಗಿ ಮನೆಯೆಲ್ಲ ಘಮ್ಮೆಂದಿತು. ರುಚಿಯಾಗಿತ್ತು, ಅದೇ ಅವನಿಗೆ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಬಕೆಟ್ ಹಿಡಿದು ನಿಂತಾಗ ‘ಅಕ್ಕಾ’ ಎನ್ನುವುದು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಏಳು ವರ್ಷ ಹೇಳಿದ್ದನ್ನೆಲ್ಲ ಯಾರು ಕೇಳಿಸಿಕೊಂಡಿದ್ದರೋ. ಹಾಗೆಂದು ಮರವನ್ನು ಒಣಗಿಸಲು ಮನಸ್ಸು ಬರಲಿಲ್ಲ. ಒಂದು ಮಾತೂ ಆಡದೆ ಬುಡಕ್ಕೆ ನೀರು ಸುರಿದು ಒಳಗೆ ಬಂದ.