ಒಬ್ಬನೇ ಗೆದ್ದ ವಿಶ್ವಕಪ್ಪು

ಗೆಳೆಯರೇ, ಇವತ್ತು ಬೆಳಿಗ್ಗೆ ಚನ್ನರಾಯಪಟ್ಟಣದ ಹೋಟೆಲೊಂದರಲ್ಲಿ ದೋಸೆಗೆ ಹೇಳಿ ಕುಳಿತಿದ್ದೆ. ಮಾಲೀಕ ಮಂಜಣ್ಣ ತನ್ನ ನೆಚ್ಚಿನ ಫುಟ್‌ಬಾಲ್ ತಾರೆಯ ಜೆರ್ಸಿ ತೊಟ್ಟು ಗಲ್ಲಾದಲ್ಲಿದ್ದ.

"ವಿಶ್ವಕಪ್ಪು ಅವನೊಬ್ನೇ ಗೆದ್ದಿದ್ದು ಕಣ್ಲಾ! ಮಿಕ್ಕ ಹತ್ತು ಜನ ಸುಮ್ನೆ ಓಡಾಡ್ಕಂಡಿದ್ರು," ಎಂದ.

"ಪೆನಾಲ್ಟಿ ತಡೆದೋನು ಗೋಲ್‌ಕೀಪರ್ ಅಲ್ವಾ?" ಎಂದೆ.

"ಅವ್ನ ಎಸ್ರು ಯಾರಿಗ್ ಗೊತ್ತು? ಈ ಓಟ್ಲೂ ಅಂಗೇಯ. ಜನ ಬರೋದು ನನ್ ಮಕ ನೋಡಿ."

ಹನ್ನೆರಡು ವರ್ಷದಿಂದ ಅಲ್ಲಿ ದೋಸೆ ಹುಯ್ಯುತ್ತಿರುವ ರಂಗಮ್ಮನಿಗೆ ಇದು ಕೇಳಿಸಿತು. ಸೌಟು ಕೆಳಗಿಟ್ಟು ಬಂದು ನನ್ನೆದುರು ಕುಳಿತರು. "ಅಂಗಾರೆ ನೀನೊಬ್ನೇ ಆಡಪ್ಪಾ. ನಂಗೂ ಒಂದ್ ಮಸಾಲೆ ಕೊಡು."

ಮಂಜಣ್ಣ ಹುಯ್ದ ಮೂರು ದೋಸೆಗಳೂ ಕಲ್ಲು ಬಿಟ್ಟು ಏಳಲಿಲ್ಲ. ಗಿರಾಕಿಗಳು ಗೊಣಗತೊಡಗಿದರು. ಕೊನೆಗೆ ಆತ ಕೈಮುಗಿದ: "ಗೋಲ್‌ಕೀಪರೂ ಬೇಕು ಕಣವ್ವಾ, ಎದ್ ಬಾ."

ವಾದ ಗೆದ್ದವನು ನಾನು. ಕಲ್ಲಿನಿಂದ ಕೆರೆದು ತೆಗೆದ ಮೂರೂ ದೋಸೆ ಬಂದದ್ದೂ ನನ್ನ ತಟ್ಟೆಗೇ.